ಬೀನ್ ಬ್ಯಾಗ್ ಕೊಳ್ಳುವ ಮುಂಚೆ ಒಳಗಿನ ಕಾಳು ಒತ್ತಿ ನೋಡಿ

ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ನಮ್ಮ ಮನೆ. ಬೀದಿ ಕಡೆಯ ಕೋಣೆಯನ್ನು ಓಣಿಯ ಮಕ್ಕಳಿಗೆ ಪುಸ್ತಕ ಓದಲು ಬಿಟ್ಟಿದ್ದೇನೆ. ಶನಿವಾರ ಮಧ್ಯಾಹ್ನ ಮತ್ತು ಭಾನುವಾರ ಬೆಳಿಗ್ಗೆ ಹತ್ತು ಹನ್ನೆರಡು ಮಕ್ಕಳು ಬರುತ್ತಾರೆ. ಮೂರು ವರ್ಷದ ಹಿಂದೆ ಅವರಿಗಾಗಿ ನಾಲ್ಕು ಬೀನ್ ಬ್ಯಾಗ್, ಅಂದರೆ ಕೂರುವ ಮೆತ್ತನೆ ಚೀಲ, ತಂದೆ. ನೀಲಿ, ಕೆಂಪು, ಹಸಿರು, ಕಂದು. ಬಣ್ಣ ಆರಿಸುವುದಕ್ಕೆ ಎರಡು ದಿನ ಹಿಡಿಯಿತು. ಒಳಗೆ ಏನು ತುಂಬಿದ್ದಾರೆ ಅಂತ ಕೇಳುವುದು ಹೊಳೆಯಲೇ ಇಲ್ಲ.

ಏಳು ತಿಂಗಳಲ್ಲಿ ನಾಲ್ಕೂ ಕುಸಿದವು. ಮಕ್ಕಳು ಕೂತರೆ ಕುಂಡಿಗೆ ನೆಲ ತಾಗುತ್ತಿತ್ತು. ಕವರ್ ಮಾತ್ರ ಹೊಸದರ ಹಾಗೇ ಇತ್ತು. ಒಂದು ಹೊಲಿಗೆಯೂ ಬಿಟ್ಟಿರಲಿಲ್ಲ. ಆಮೇಲೆ ನನಗೆ ಗೊತ್ತಾಯಿತು, ನಾವು ದುಡ್ಡು ಕೊಡುವುದು ಕವರ್‌ಗೆ, ಕೂರುವುದು ಮಾತ್ರ ಒಳಗಿನ ಮಾಲಿನ ಮೇಲೆ. ಅಲ್ಲಿಂದ ಇಲ್ಲಿಯವರೆಗೆ ನಾಲ್ಕು ಚೀಲಕ್ಕೂ ಬೇರೆ ಬೇರೆ ಮಾಲು ತುಂಬಿ ನೋಡಿದ್ದೇನೆ. ಎರಡು ಥರದ ಥರ್ಮಾಕೋಲ್ ಕಾಳು, ಫೋಮ್ ಚೂರು, ಅರಳೆ, ಬೂರುಗದ ಹತ್ತಿ. ಇದೆಲ್ಲ ಕೈಯಾರೆ ತುಂಬಿ, ಕೂತು, ಮತ್ತೆ ಬಿಚ್ಚಿ ನೋಡಿದ ಮೇಲೆ ಬರೆಯುತ್ತಿರುವುದು.

ಮೊದಲು ಎಲ್ಲರ ಮನೆಯಲ್ಲೂ ಇರುವ ಬಿಳಿ ಕಾಳಿನ ಮಾತು. ಅಂಗಡಿಯವರು ಇದಕ್ಕೆ ಬೀನ್ಸ್ ಅನ್ನುತ್ತಾರೆ. ಮಕ್ಕಳು ಸಬ್ಬಕ್ಕಿ ಅನ್ನುತ್ತಾರೆ. ಇದು ಟಿವಿ, ಮಿಕ್ಸಿ ಡಬ್ಬಿಯಲ್ಲಿ ಬರುವ ಥರ್ಮಾಕೋಲೇ, ಹಲಗೆಯಾಗಿ ಅಂಟಿಸುವ ಮುಂಚಿನ ರೂಪ. ಇದು ಹೇಗೆ ತಯಾರಾಗುತ್ತದೆ ಅಂತ ತಿಳಿಯುವುದು ದಾವಣಗೆರೆಯವರಿಗೆ ಸುಲಭ. ನಮ್ಮೂರ ಮಂಡಕ್ಕಿ ಭಟ್ಟಿಯಲ್ಲಿ ಅಕ್ಕಿ ಬಿಸಿ ಮರಳಿಗೆ ಬಿದ್ದ ಕೂಡಲೇ ಅರಳುತ್ತದಲ್ವಾ, ಹಾಗೆಯೇ. ಸಕ್ಕರೆ ಹರಳಿನಷ್ಟು ಸಣ್ಣ ಪಾಲಿಸ್ಟೈರೀನ್ ಕಾಳಿನೊಳಗೆ ಪೆಂಟೇನ್ ಅನ್ನುವ ಅನಿಲ ಸೇರಿಸಿರುತ್ತಾರೆ. ಅದಕ್ಕೆ ಹಬೆ ಕೊಟ್ಟರೆ ಪ್ಲಾಸ್ಟಿಕ್ ಮೆತ್ತಗಾಗುತ್ತದೆ, ಅನಿಲ ಹಿಗ್ಗುತ್ತದೆ, ಕಾಳು 40 ಪಟ್ಟಿಗೂ ಜಾಸ್ತಿ ಊದಿಕೊಳ್ಳುತ್ತದೆ. ಊದಿದ ಕಾಳಿನಲ್ಲಿ ಇರುವುದು ಹೆಚ್ಚುಕಡಿಮೆ ಪೂರ್ತಿ ಗಾಳಿಯೇ. ಪ್ಲಾಸ್ಟಿಕ್ ನೂರಕ್ಕೆ ಎರಡು ಮೂರು ಪಾಲು ಅಷ್ಟೇ.

ಇಂಥ ಕಾಳನ್ನು ಕೂರುವ ಚೀಲಕ್ಕೆ ತುಂಬಿ ಹೆಸರು ಮಾಡಿದವರು ಇಟಲಿಯವರು. 1968ರಲ್ಲಿ ಪಿಯೆರೊ ಗಟ್ಟಿ, ಚೆಸಾರೆ ಪಾವೊಲಿನಿ, ಫ್ರಾಂಕೊ ತೆಯೊಡೊರೊ ಎಂಬ ಮೂವರು ಸೇರಿ ಜಾನೊಟ್ಟಾ ಕಂಪನಿಗೆ 'ಸಾಕ್ಕೊ' ಅನ್ನುವ ಆಸನ ಮಾಡಿಕೊಟ್ಟರು. ಸಾಕ್ಕೊ ಅಂದರೆ ಚೀಲ, ಅಷ್ಟೇ. ಕಾಲಿಲ್ಲ, ಬೆನ್ನಿಲ್ಲ, ಚೌಕಟ್ಟಿಲ್ಲ. ಕೂತವರ ಮೈಯೇ ಅದಕ್ಕೆ ಆಕಾರ ಕೊಡುತ್ತದೆ. ಕಾಳು ಒಂದರ ಮೇಲೊಂದು ಜಾರಿ ಮೈಗೆ ಜಾಗ ಬಿಡುತ್ತದೆ, ಆಮೇಲೆ ಒಂದಕ್ಕೊಂದು ಒತ್ತಿಕೊಂಡು ಗಟ್ಟಿಯಾಗಿ ನಿಲ್ಲುತ್ತದೆ. ರಾಗಿ ಚೀಲದ ಮೇಲೆ ಕೂತ ನೆನಪಿದ್ದವರಿಗೆ ಇದು ಗೊತ್ತು. ಈ ಜಾರುವ ಗುಣವನ್ನು ನೆನಪಿಟ್ಟುಕೊಳ್ಳಿ. ಮುಂದೆ ನಾನು ಯಾವ ಮಾಲನ್ನು ಒಪ್ಪಿದೆ, ಯಾವುದನ್ನು ಬಿಟ್ಟೆ ಅನ್ನುವುದೆಲ್ಲ ಇದರ ಮೇಲೆಯೇ ನಿಂತಿದೆ.

ನನ್ನ ಮೊದಲ ರೀಫಿಲ್ ಭಾನುವಾರ ಬೆಳಿಗ್ಗೆ ನಡೆಯಿತು. ಆನ್‌ಲೈನ್‌ನಲ್ಲಿ ತರಿಸಿದ್ದ 1 ಕೆಜಿ ಪ್ಯಾಕೆಟ್. ಬಂದಾಗ ಅದರ ಗಾತ್ರ ನೋಡಿ ಅತ್ತೆ, "ಇದೇನಮ್ಮಾ, ಹಾಸಿಗೆ ತರಿಸಿದ್ಯಾ?" ಅಂದರು. ನೀಲಿ ಚೀಲದ ಜಿಪ್ ತೆಗೆದು, ಪ್ಯಾಕೆಟ್‌ನ ಮೂಲೆ ಕತ್ತರಿಸಿ ಸುರಿಯಲು ಶುರು ಮಾಡಿದೆ. ಫ್ಯಾನ್ ತಿರುಗುತ್ತಿತ್ತು. ಕಾಳು ಚೀಲಕ್ಕೆ ಬೀಳುವ ಬದಲು ಮೇಲೆ ಎದ್ದಿತು. ಗೋಡೆಗೆ, ಪರದೆಗೆ, ನನ್ನ ಕೂದಲಿಗೆ, ದೇವರ ಫೋಟೋದ ಗಾಜಿಗೆ ಅಂಟಿಕೊಂಡಿತು. ಪೊರಕೆ ಹಿಡಿದರೆ ಪೊರಕೆಗೂ ಅಂಟಿತು. ಇದು ಒಣ ಹವೆಯಲ್ಲಿ ಹುಟ್ಟುವ ವಿದ್ಯುತ್ತಿನ ಅಂಟು. ಬಾಚಣಿಗೆ ಉಜ್ಜಿ ಕಾಗದದ ಚೂರು ಎತ್ತುತ್ತೇವಲ್ಲ, ಅದೇ. ಮೂರು ತಿಂಗಳಾದ ಮೇಲೂ ಪುಸ್ತಕದ ಹಾಳೆಗಳ ನಡುವೆ ಕಾಳು ಸಿಗುತ್ತಿತ್ತು.

ಈಗ ಮಾಡುವ ರೀತಿ ಹೇಳುತ್ತೇನೆ, ಯಾರಿಗಾದರೂ ಉಪಯೋಗವಾಗಲಿ. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಬಚ್ಚಲಮನೆಯಲ್ಲಿ ತುಂಬುತ್ತೇನೆ. ನೆಲ ಒದ್ದೆ ಮಾಡಿರುತ್ತೇನೆ, ಬಿದ್ದ ಕಾಳು ಹಾರುವುದಿಲ್ಲ. ಕೈಗೂ ನೀರು ಸವರಿಕೊಳ್ಳುತ್ತೇನೆ. 2 ಲೀಟರ್ ನೀರಿನ ಬಾಟಲಿಯ ಮೇಲಿನ ಅರ್ಧ ಕತ್ತರಿಸಿಕೊಂಡು, ಅದರ ಕತ್ತಿನ ತುದಿಯನ್ನೂ ತೆಗೆದರೆ ಅಗಲ ಬಾಯಿಯ ಕೊಳವೆ ಸಿಗುತ್ತದೆ. ಅದರ ಒಂದು ಬಾಯಿಗೆ ಪ್ಯಾಕೆಟ್ ತೂರಿಸಿ ಸೆಲ್ಲೋಟೇಪ್ ಸುತ್ತುವುದು, ಇನ್ನೊಂದು ಬಾಯಿಯನ್ನು ಚೀಲದೊಳಗಿಟ್ಟು ಜಿಪ್ ಅದರ ಪಕ್ಕದವರೆಗೂ ಎಳೆಯುವುದು. ಆಮೇಲೆ ಪ್ಯಾಕೆಟ್ ಎತ್ತಿ ಹಿಡಿದರೆ ಸಾಕು, ಕಾಳು ತಾನೇ ಇಳಿಯುತ್ತದೆ. ಇಬ್ಬರಿದ್ದರೆ ಹತ್ತು ನಿಮಿಷದ ಕೆಲಸ. ಒಬ್ಬರೇ ಮಾಡಬೇಡಿ.

ಮತ್ತೊಂದು ಮಾತು. ಕತ್ತಿನವರೆಗೆ ತುಂಬಬೇಡಿ. ಮೂರರಲ್ಲಿ ಎರಡು ಪಾಲು, ಹೆಚ್ಚೆಂದರೆ ಮುಕ್ಕಾಲು. ಕಾಳಿಗೆ ಜಾರಲು ಜಾಗ ಬೇಕು. ಬಿಗಿದು ತುಂಬಿದ ಚೀಲ ಚೆಂಡಾಗುತ್ತದೆ, ಕೂತವರನ್ನು ಪಕ್ಕಕ್ಕೆ ಉರುಳಿಸುತ್ತದೆ.

ಆ 1 ಕೆಜಿ ಕಾಳು ಐದೇ ತಿಂಗಳಲ್ಲಿ ಮತ್ತೆ ಕೂತುಬಿಟ್ಟಿತು. ನೀಲಿ ಚೀಲ ಒಂದು ಗೇಣು ಇಳಿಯಿತು. ಕಾಳು ಎಲ್ಲಾದರೂ ಸೋರುತ್ತಿದೆಯೇನೋ ಅಂತ ಹುಡುಕಿದೆ. ಸೋರಿರಲಿಲ್ಲ. ಬಿಚ್ಚಿ ಒಂದು ಹಿಡಿ ತೆಗೆದು ನೋಡಿದಾಗ ಕಾರಣ ಕಂಡಿತು. ಗುಂಡಗಿದ್ದ ಕಾಳು ಅವಲಕ್ಕಿ ಆಗಿತ್ತು. ಪ್ರತಿ ಕಾಳಿನೊಳಗೆ ಸಣ್ಣ ಸಣ್ಣ ಗಾಳಿಗೂಡುಗಳಿರುತ್ತವೆ. ದಿನವೂ ಭಾರ ಬಿದ್ದು ಆ ಗೂಡಿನ ಗೋಡೆ ಮಡಚಿದರೆ, ಒಡೆದರೆ ಮತ್ತೆ ಎದ್ದು ನಿಲ್ಲುವುದಿಲ್ಲ. ಮಕ್ಕಳು ದೂರದಿಂದ ಓಡಿ ಬಂದು ಹಾರಿ ಬೀಳುವುದರಿಂದ ನಮ್ಮಲ್ಲಿ ಇದು ಇನ್ನೂ ಬೇಗ.

ಎರಡನೇ ಸಲ ಬೇರೆ ಮಾರಾಟಗಾರರಿಂದ, ಜಾಸ್ತಿ ಬೆಲೆಯ ಪ್ಯಾಕೆಟ್ ತರಿಸಿದೆ. ಮೊದಲನೆಯದಕ್ಕೆ ಕೊಟ್ಟಿದ್ದು 290 ರೂಪಾಯಿ, ಇದಕ್ಕೆ 420. ಬಂದಾಗ ನಿರಾಸೆಯೇ ಆಯಿತು. ಇದೂ 1 ಕೆಜಿ, ಆದರೆ ಪ್ಯಾಕೆಟ್ ಚಿಕ್ಕದು. ಮೋಸ ಇರಬಹುದು ಅನ್ನಿಸಿ ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟೆ. ತೂಕ ಸರಿಯಾಗಿತ್ತು. ಹಳೇ ಪ್ಯಾಕೆಟ್‌ನಲ್ಲಿ ಸ್ವಲ್ಪ ಕಾಳು ಉಳಿಸಿಟ್ಟಿದ್ದೆ. 20 ಲೀಟರ್ ಬಕೆಟ್‌ಗೆ ಅದನ್ನು ತುಂಬಿ, ಮೇಲೆ ಸ್ಕೇಲಿನಿಂದ ಸಮ ಮಾಡಿ ತೂಗಿದೆ. ಬಕೆಟ್ಟಿನ ತೂಕ ಕಳೆದರೆ 210 ಗ್ರಾಂ. ಹೊಸದನ್ನು ಅದೇ ಬಕೆಟ್‌ಗೆ ತುಂಬಿ ತೂಗಿದರೆ 330 ಗ್ರಾಂ.

ಅಲ್ಲಿಗೆ ಗುಟ್ಟು ತಿಳಿಯಿತು. ಕಾಳು ಎಷ್ಟು ಜಾಸ್ತಿ ಊದಿದೆಯೋ ಅಷ್ಟು ಹಗುರ. ಅದರ ಗೋಡೆ ಅಷ್ಟೇ ತೆಳು. ಒಂದು ಕೆಜಿಯಲ್ಲಿ ಹೆಚ್ಚು ಜಾಗ ತುಂಬುತ್ತದೆ, ನೋಡಲು ದೊಡ್ಡ ಪ್ಯಾಕೆಟ್, ಆದರೆ ಬೇಗ ಚಪ್ಪಟೆಯಾಗುತ್ತದೆ. ಹಗುರ ಕಾಳು 1 ಕೆಜಿ ಅಂದರೆ ಸುಮಾರು 95 ಲೀಟರ್ ಜಾಗ. ತೂಕದ ಕಾಳು 1 ಕೆಜಿಗೆ 60 ಲೀಟರ್. ಹಾಗಾಗಿ "ಈ ಸೈಜಿನ ಚೀಲಕ್ಕೆ ಇಷ್ಟು ಕೆಜಿ ಸಾಕು" ಅನ್ನುವ ಪಟ್ಟಿಗಳನ್ನು ಪೂರ್ತಿ ನಂಬಬೇಡಿ. ಯಾವ ಕಾಳು ಅಂತ ಹೇಳದೆ ಬರೀ ಕೆಜಿ ಹೇಳಿದರೆ ಅದಕ್ಕೆ ಅರ್ಥವಿಲ್ಲ.

ತಕ್ಕಡಿ ಇಲ್ಲದಿದ್ದರೆ ಬೆರಳು ಸಾಕು. ಒಂದು ಕಾಳನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಇಟ್ಟು ಜೋರಾಗಿ ಒತ್ತಿ ಬಿಡಿ. ಒಳ್ಳೆಯ ಕಾಳು ಬೆರಳಿಗೆ ಎದುರು ನಿಲ್ಲುತ್ತದೆ, ಬಿಟ್ಟ ಮೇಲೆ ಹೆಚ್ಚುಕಡಿಮೆ ಗುಂಡಗೇ ಆಗುತ್ತದೆ. ಕಳಪೆಯದು ಬೆಂದ ಸಬ್ಬಕ್ಕಿಯ ಹಾಗೆ ಒತ್ತಿಕೊಂಡು ಅಲ್ಲೇ ಉಳಿಯುತ್ತದೆ. ಆಮೇಲೆ ಒಂದು ಹಿಡಿ ಕಾಳನ್ನು ಕಪ್ಪು ಬಟ್ಟೆಯ ಮೇಲೆ ಹರಡಿ. ಎಲ್ಲವೂ ಗುಂಡಗಿದ್ದು ಗಾತ್ರ ಒಂದೇ ಸಮ ಇದ್ದರೆ ಸರಿ. ಮೂಲೆ ಮೂಲೆಯ ಚೂರು, ಬಿಳಿ ಪುಡಿ ಸೇರಿದ್ದರೆ ಅದು ಹಳೇ ಪ್ಯಾಕಿಂಗ್ ಥರ್ಮಾಕೋಲ್ ಪುಡಿ ಮಾಡಿ ಬೆರೆಸಿದ್ದು. ಅದು ಜಾರುವುದಿಲ್ಲ, ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ.

420 ರೂಪಾಯಿಯ ಕಾಳು ಕೆಂಪು ಚೀಲದಲ್ಲಿದೆ. ಹದಿನಾಲ್ಕು ತಿಂಗಳಾಯಿತು. ಇಳಿದದ್ದು ನಾಲ್ಕು ಬೆರಳು. ಅಷ್ಟೇ ಲೀಟರ್ ಜಾಗ ತುಂಬಲು ಎಷ್ಟು ಅಂತ ಲೆಕ್ಕ ಹಾಕಿದರೆ ಎರಡಕ್ಕೂ ತಿಂಗಳಿಗೆ ಬೀಳುವ ಖರ್ಚು ಹೆಚ್ಚುಕಡಿಮೆ ಒಂದೇ, ಅದನ್ನು ಮುಚ್ಚಿಡುವುದಿಲ್ಲ. ಆದರೂ ನಾನು ತೂಕದ ಕಾಳನ್ನೇ ಹೇಳುತ್ತೇನೆ. ತುಂಬುವ ತಾಪತ್ರಯ ಅರ್ಧಕ್ಕಿಂತ ಕಡಿಮೆ. ಎಸೆಯಬೇಕಾದ ಕಸವೂ ಕಡಿಮೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ ವಿಷಯ. ಒಂದು ಶನಿವಾರ ಹಸಿರು ಚೀಲದ ಜಿಪ್ ಅನ್ನು ಯಾರೋ ಒಂದು ಅಂಗುಲ ತೆಗೆದಿದ್ದರು. ಅಕ್ಕನ ಜೊತೆ ಬಂದಿದ್ದ ಮೂರು ವರ್ಷದ ಹುಡುಗಿ ಅಲ್ಲಿಂದ ಕಾಳು ಹೆಕ್ಕಿ ಅಂಗೈಯಲ್ಲಿ ಇಟ್ಟುಕೊಂಡು ಕೂತಿತ್ತು. ಬಾಯಿಗೆ ಎತ್ತುವಷ್ಟರಲ್ಲಿ ನಾನು ನೋಡಿದೆ. ಮಗು ನಗುತ್ತಿತ್ತು. ನನಗೆ ಮಾತ್ರ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಈ ಕಾಳು ಅಷ್ಟು ಹಗುರ ಅಂದರೆ ಉಸಿರು ಎಳೆದರೆ ಸಾಕು, ಒಳಗೆ ಹೋಗುತ್ತದೆ. ಮೂಗಿಗೋ ಶ್ವಾಸನಾಳಕ್ಕೋ ಹೋದರೆ ಎಕ್ಸ್‌ರೇಯಲ್ಲಿ ಸುಲಭವಾಗಿ ಕಾಣುವುದೂ ಇಲ್ಲ, ಏಕೆಂದರೆ ಅದು ಬರೀ ಗಾಳಿ. ಅಮೆರಿಕದಲ್ಲಿ 2014ರಲ್ಲಿ ಇಬ್ಬರು ಮಕ್ಕಳು ಬೀನ್ ಬ್ಯಾಗಿನ ಜಿಪ್ ತೆಗೆದು ಒಳಗೆ ತೂರಿಕೊಂಡು, ಕಾಳು ಉಸಿರಿಗೆ ಸಿಕ್ಕಿ ಸತ್ತಿದ್ದರು ಅಂತ ಒಂದು ಕಂಪನಿಯ ಸುಮಾರು 22 ಲಕ್ಷ ಚೀಲಗಳನ್ನು ವಾಪಸ್ ಕರೆಸಿದರು. ಅಲ್ಲಿನ ಮಾನದಂಡದ ಪ್ರಕಾರ ಮತ್ತೆ ತುಂಬುವಂಥ ಚೀಲದ ಜಿಪ್‌ಗೆ ಹಿಡಿದು ಎಳೆಯುವ ನಾಲಿಗೆ ಇರಬಾರದು. ಪೇಪರ್ ಕ್ಲಿಪ್ಪಿನಂಥದ್ದು ಸಿಕ್ಕಿಸಿ ದೊಡ್ಡವರು ಮಾತ್ರ ತೆಗೆಯುವ ಹಾಗಿರಬೇಕು.

ನಾನು ಮರುದಿನವೇ ನಾಲ್ಕೂ ಚೀಲ ತೆಗೆದುಕೊಂಡು ನಮ್ಮ ಓಣಿಯ ಟೈಲರ್ ಅಣ್ಣನ ಹತ್ತಿರ ಹೋದೆ. ಗಟ್ಟಿ ಕಾಟನ್ ಬಟ್ಟೆಯಲ್ಲಿ ಒಳಚೀಲ ಹೊಲಿಸಿದೆ. ಕಾಳು ಒಳಚೀಲದಲ್ಲಿ, ಒಳಚೀಲ ಕವರ್‌ನಲ್ಲಿ. ಒಳಚೀಲದ ಬಾಯಿಗೆ ಡಬಲ್ ಹೊಲಿಗೆ, ಹೊರಗಿನ ಜಿಪ್‌ನ ನಾಲಿಗೆ ಕಟಿಂಗ್ ಪ್ಲೇಯರ್‌ನಿಂದ ತೆಗೆಸಿದೆ. ಚೀಲಕ್ಕೆ 150 ರೂಪಾಯಿ ಆಯಿತು. ಈಗ ಕವರ್ ಒಗೆಯುವುದೂ ಸುಲಭ. ಒಳಚೀಲ ಎತ್ತಿ ಪಕ್ಕಕ್ಕಿಟ್ಟರೆ ಆಯಿತು. ಮಕ್ಕಳಿರುವ ಮನೆಗೆ ಒಳಚೀಲ ಇಲ್ಲದ ಬೀನ್ ಬ್ಯಾಗ್ ತರಲೇಬೇಡಿ. ಎಷ್ಟೇ ಒಳ್ಳೆಯ ಕಾಳಿರಲಿ, ಎಷ್ಟೇ ರಿಯಾಯಿತಿ ಇರಲಿ. ಒಂದು ವರ್ಷದೊಳಗಿನ ಕೂಸನ್ನು ಅದರ ಮೇಲೆ ಮಲಗಿಸಲೂ ಬೇಡಿ. ಮೆತ್ತಗಿನ ಚೀಲದಲ್ಲಿ ಮುಖ ಹುದುಗಿದರೆ ತಿರುಗಿಸಿಕೊಳ್ಳುವ ಶಕ್ತಿ ಕೂಸಿಗೆ ಇರುವುದಿಲ್ಲ.

ಬೆಂಕಿಯಿಂದಲೂ ದೂರ ಇಡಿ. ದೀಪ, ಊದುಬತ್ತಿ, ಸೊಳ್ಳೆ ಬತ್ತಿ ಹತ್ತಿರ ಬೇಡವೇ ಬೇಡ. ನೇಲ್ ಪಾಲಿಶ್ ತೆಗೆಯುವ ದ್ರವವೂ ಬೇಡ. ಮಗಳು ಒಂದು ದಿನ ಕವರ್ ಮೇಲಿನ ಬಣ್ಣದ ಕಲೆ ತೆಗೆಯಲು ಅದನ್ನು ತಂದಳು. ತಡೆದು, ಒಂದು ಬಟ್ಟಲಲ್ಲಿ ಏಳೆಂಟು ಕಾಳು ಹಾಕಿ ಎರಡು ತೊಟ್ಟು ಬಿಟ್ಟು ತೋರಿಸಿದೆ. ಚುಸ್ ಅಂತ ಕಾಳು ಕುಗ್ಗಿ, ಬಟ್ಟಲ ತಳದಲ್ಲಿ ಬಿಳಿ ಅಂಟು ಮಾತ್ರ ಉಳಿಯಿತು. ಆ ದ್ರವದಲ್ಲಿರುವ ಅಸಿಟೋನ್‌ಗೆ ಪಾಲಿಸ್ಟೈರೀನ್ ಕರಗುತ್ತದೆ. ಪೆಟ್ರೋಲಿಗೂ ಹಾಗೆಯೇ. ಕಲೆಗೆ ಸೋಪಿನ ನೀರು ಸಾಕು.

ಎರಡನೇ ಮಾಲು ಫೋಮ್ ಚೂರು. ಸೋಫಾ ಅಂಗಡಿಗಳಲ್ಲಿ ಕತ್ತರಿಸಿ ಉಳಿದದ್ದನ್ನು ಯಂತ್ರದಲ್ಲಿ ಚೂರು ಮಾಡಿ ಕೆಜಿ ಲೆಕ್ಕದಲ್ಲಿ ಮಾರುತ್ತಾರೆ. ಹಸಿರು ಚೀಲ ಖಾಲಿ ಮಾಡಿ ಪೂರ್ತಿ ಫೋಮ್ ತುಂಬಿದೆ. ಸಣ್ಣ ಚೀಲವೇ ಆದರೂ ನಾಲ್ಕು ಕೆಜಿ ಹಿಡಿಯಿತು. ಒಂದು ಕೈಯಲ್ಲಿ ಎತ್ತುತ್ತಿದ್ದ ಮಕ್ಕಳು ಈಗ ಎಳೆದುಕೊಂಡು ಹೋಗಬೇಕು. ಮೊದಲ ವಾರ ರಬ್ಬರಿನ ವಾಸನೆ ಇತ್ತು, ಬಿಸಿಲ ತಾರಸಿಯ ನೆರಳಲ್ಲಿ ಎರಡು ದಿನ ಹರಡಿದ ಮೇಲೆ ಹೋಯಿತು. ಫೋಮ್ ಕಾಳಿನಷ್ಟು ಬೇಗ ಸಾಯುವುದಿಲ್ಲ, ಒತ್ತಿದರೆ ಎದ್ದು ಬರುತ್ತದೆ. ಆದರೆ ಜಾರುವುದಿಲ್ಲ. ಕೂತ ಜಾಗದಲ್ಲಿ ಗುಂಡಿ, ಪಕ್ಕದಲ್ಲಿ ಗಂಟು. ದಿನಕ್ಕೊಮ್ಮೆ ಗುದ್ದಿ ಸರಿ ಮಾಡಬೇಕು. ಬೇಸಿಗೆಯಲ್ಲಿ ಬೆನ್ನು ಬೆವರುತ್ತದೆ. ಥರ್ಮಾಕೋಲ್‌ಗೂ ಈ ದೋಷ ಇದೆ ಅನ್ನಿ. ಐಸ್‌ಕ್ರೀಮ್ ಡಬ್ಬಿಯಲ್ಲಿ ತಂಪು ಹಿಡಿದಿಡುವ ವಸ್ತುವೇ ಇಲ್ಲಿ ನಮ್ಮ ಮೈಬಿಸಿ ಹಿಡಿದಿಡುತ್ತದೆ. ನಮ್ಮೂರ ಏಪ್ರಿಲ್ ಬಿಸಿಲಿಗೆ ರೆಕ್ಸಿನ್ ಕವರ್ ಮೇಲೆ ಕೂರಲಾಗದು. ಕಾಟನ್ ಕವರ್ ಬೇಕು.

ಅತ್ತೆಗೆ ಮಾತ್ರ ಈ ಫೋಮ್ ಚೀಲವೇ ಇಷ್ಟವಾಯಿತು. ಅವರಿಗೆ ಮಂಡಿ ನೋವು. ಕಾಳಿನ ಚೀಲದಲ್ಲಿ ಕೂತರೆ ಏಳಲು ಇಬ್ಬರು ಕೈ ಹಿಡಿಯಬೇಕಿತ್ತು. ಒತ್ತಲು ಗಟ್ಟಿ ಜಾಗ ಸಿಗದೆ ಚೀಲ ಜಾರುತ್ತಿತ್ತು. ಫೋಮ್ ಚೀಲದಲ್ಲಿ ಕೂತಾಗ, "ಇದು ಸ್ವಲ್ಪ ಮಾತು ಕೇಳುತ್ತೆ ನೋಡು" ಅಂದರು. ಆದರೂ ವಯಸ್ಸಾದವರಿಗೆ ಕುರ್ಚಿಯೇ ಸರಿ. ಬೀನ್ ಬ್ಯಾಗ್ ನೆಲಕ್ಕೆ ತೀರಾ ಹತ್ತಿರ.

ಕೊನೆಗೆ ಹಸಿರು ಚೀಲಕ್ಕೆ ಅಳತೆ ಬದಲಿಸಿದೆ. ಮೂರು ಬಕೆಟ್ ಕಾಳಿಗೆ ಒಂದು ಬಕೆಟ್ ಫೋಮ್. ಫೋಮ್ ಚೂರುಗಳ ಸಂದಿಗೆ ಕಾಳು ಇಳಿದು ಕೂರುತ್ತದೆ. ಜಾರುವ ಗುಣ ಉಳಿಯುತ್ತದೆ, ಪೂರ್ತಿ ಕುಸಿಯುವುದೂ ತಪ್ಪುತ್ತದೆ. ದೊಡ್ಡವರು ಕೂರುವ ಚೀಲಕ್ಕೆ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ.

ಇನ್ನು ಹತ್ತಿ. ಪ್ಲಾಸ್ಟಿಕ್ ಬೇಡ ಅನ್ನುವ ಆಸೆ ನನಗೂ ಇತ್ತು. ದಾವಣಗೆರೆ ಒಂದು ಕಾಲಕ್ಕೆ ಹತ್ತಿ ಗಿರಣಿಗಳ ಊರು, ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದರು. ಗಾದಿ ಹೊಲಿಯುವ ಅಂಗಡಿಗಳು ಈಗಲೂ ಇವೆ. ನಮ್ಮ ಮನೆಯ ಗಾದಿಗಳನ್ನು ಹಿಂಜಿ ಕೊಡುವ ಅಜ್ಜಾರ ಹತ್ತಿರ ಕಂದು ಚೀಲ ಹಿಡಿದು ಹೋದೆ. ಅವರ ತಂದೆ ಕಮಾನಿನ ತಂತಿ ಮೀಟಿ ಅರಳೆ ಹಿಂಜುತ್ತಿದ್ದವರು. ಇವರದು ಈಗ ಯಂತ್ರ. ಚೀಲ ತಿರುಗಿಸಿ ನೋಡಿ, ಎರಡು ಸಲ ಗುದ್ದಿ, ಅಂದರು: "ಅಕ್ಕಾರೇ, ಅರಳೆ ಕುಂತಲ್ಲೇ ಕುಂದುರುತ್ತೆ. ನಿಮ್ಮ ಚೀಲಕ್ಕೆ ಹರಿಯೋ ಮಾಲು ಬೇಕು."

ಎಷ್ಟು ಸರಿಯಾಗಿ ಹೇಳಿದರು! ನಾನು ಮೂರು ತಿಂಗಳು ತೂಗಿ ಅಳೆದು ಕಲಿತದ್ದನ್ನು ಅವರು ಎರಡು ಗುದ್ದಿನಲ್ಲಿ ಕಂಡುಕೊಂಡರು. ಆದರೂ ನೋಡೋಣ ಅಂತ ಹಟ ಮಾಡಿ ಐದು ಕೆಜಿ ಅರಳೆ ತುಂಬಿಸಿದೆ. ಅವರು ಹೇಳಿದ ಹಾಗೇ ಆಯಿತು. ಒಂದು ತಿಂಗಳಿಗೆ ನಡುವೆ ಹಳ್ಳ ಬಿತ್ತು. ಮಳೆಗಾಲದಲ್ಲಿ ತೇವ ಹೀರಿ ಭಾರವಾಯಿತು, ಮುಗ್ಗಲು ವಾಸನೆ ಬಂತು. ಬಿಸಿಲಿಗೆ ಹಾಕಿದರೆ ಮತ್ತೆ ಉಬ್ಬುತ್ತದೆ, ಅದು ಹತ್ತಿಯ ದೊಡ್ಡ ಗುಣ. ಆದರೆ ಜುಲೈನಲ್ಲಿ ಬಿಸಿಲು ಎಲ್ಲಿಂದ ತರುವುದು?

ಆಮೇಲೆ ಬೂರುಗದ ಹತ್ತಿ. ಬೇಸಿಗೆಯಲ್ಲಿ ಕಾಯಿ ಒಡೆದು ಗಾಳಿಗೆ ಹಾರುತ್ತದಲ್ಲ, ಅದೇ. ಹಿಡಿದರೆ ಕೈಯಲ್ಲಿ ಏನೂ ಇಲ್ಲದ ಹಾಗೆ ಅನ್ನಿಸುತ್ತದೆ. ಇದರ ಎಳೆ ಒಳಗೆ ಟೊಳ್ಳು, ಹೊರಗೆ ಮೇಣದ ಲೇಪ. ಹಾಗಾಗಿ ನೀರು ಬೇಗ ಹೀರುವುದಿಲ್ಲ. ಹಿಂದೆ ಹಡಗಿನವರು ತೇಲುವ ಜಾಕೆಟ್‌ಗೆ ಬಿಳಿ ಬೂರುಗದ ಹತ್ತಿ ತುಂಬುತ್ತಿದ್ದದ್ದು ಇದಕ್ಕೇ. ದಿಂಬಿಗೆ ಇದರಂಥ ಮಾಲು ಇಲ್ಲ, ತಲೆ ತಂಪಾಗಿರುತ್ತದೆ. ಬೀನ್ ಬ್ಯಾಗಿಗೆ ಮಾತ್ರ ಇದೂ ಹರಿಯುವುದಿಲ್ಲ. ಎಳೆ ತುಂಡು, ನುಣುಪು, ಹಾಗಾಗಿ ಹೊಲಿಗೆಯ ಸಂದಿಯಿಂದ ಆಚೆ ಬರುತ್ತದೆ, ಮೂಗಿಗೆ ಹೋಗಿ ಸೀನು. ತುಂಬುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಈಗ ನಮ್ಮ ಅರಳೆಯೆಲ್ಲ ಎರಡು ಚೌಕ ಕೂರುಗಾದಿ ಆಗಿದೆ, ಬೂರುಗ ಆರು ದಿಂಬಾಗಿದೆ. ಅಲ್ಲಿ ಅವು ತಮ್ಮ ಜಾಗ ಸೇರಿದ ಹಾಗೆ ಚೆನ್ನಾಗಿವೆ.

ಕಾಳು ಕಡಿಗಳ ವಿಷಯಕ್ಕೆ ಬಂದರೆ, ನಿಜವಾದ ಬೀನ್ ಬ್ಯಾಗ್ ಅದೇ ಅಲ್ವಾ. ಮಕ್ಕಳು ಎಸೆದು ಹಿಡಿಯುವ ಅಂಗೈಯಗಲದ ಚೀಲಕ್ಕೆ ಒಣ ಕಾಳು ತುಂಬುತ್ತಿದ್ದುದರಿಂದಲೇ ಆ ಹೆಸರು ಬಂತು. ಹರಿಯುವ ಗುಣದಲ್ಲಿ ರಾಗಿಯನ್ನು ಮೀರಿಸುವುದು ಯಾವುದೂ ಇಲ್ಲ. ಮಗಳು ಹುಟ್ಟಿದಾಗ ನಮ್ಮಮ್ಮ ರಾಗಿ ದಿಂಬು ಹೊಲಿದು ಕಳಿಸಿದ್ದರು, ನಾದಿನಿಗೆ ಸಾಸಿವೆ ದಿಂಬು. ತಲೆ ದುಂಡಗಾಗಲಿ ಅಂತ ನಮ್ಮ ಹಿರಿಯರು ಮಾಡುತ್ತಿದ್ದದ್ದು. ಮಕ್ಕಳ ಡಾಕ್ಟರು ಮೊದಲ ವರ್ಷ ದಿಂಬೇ ಬೇಡ ಅಂದರು, ಹಾಗಾಗಿ ಅದನ್ನು ನಾನೇ ಕತ್ತಿನ ಕೆಳಗೆ ಇಟ್ಟುಕೊಂಡೆ. ಇವತ್ತಿಗೂ ಇದೆ. ಆದರೆ ಕೂರುವ ಚೀಲಕ್ಕೆ ರಾಗಿ ಆಗದು. 100 ಲೀಟರ್ ಚೀಲಕ್ಕೆ ತುಂಬಿದರೆ 70 ಕೆಜಿ ದಾಟುತ್ತದೆ. ಹುಳ, ಇಲಿ ಬೇರೆ.

ಸಣ್ಣ ಚೀಲಕ್ಕೆ ಇದು ಬೇರೆಯೇ ಕಥೆ. ನನ್ನ ತಮ್ಮನಿಗೆ ಕಾಡಿನ ಫೋಟೋ ಹುಚ್ಚು. ಕಬಿನಿಗೆ, ದಮ್ಮನಕಟ್ಟೆ ಕಡೆಯ ಸಫಾರಿಗೆ ವರ್ಷಕ್ಕೆರಡು ಸಲ ಹೋಗುತ್ತಾನೆ. ಜೀಪಿನಲ್ಲಿ ಟ್ರೈಪಾಡ್ ನಿಲ್ಲಿಸಲು ಜಾಗ ಇರುವುದಿಲ್ಲ. ಜೀಪಿನ ಕಂಬಿಯ ಮೇಲೆ ಎರಡು ಕಡೆ ಜೋತುಬೀಳುವ ಚೀಲ ಹಾಕಿ, ಅದರ ಮೇಲೆ ದೊಡ್ಡ ಲೆನ್ಸ್ ಒರಗಿಸುತ್ತಾನೆ. ಮೊದಲು ನನ್ನ ಹತ್ತಿರ ಥರ್ಮಾಕೋಲ್ ಕಾಳು ತೆಗೆದುಕೊಂಡು ಹೋಗಿದ್ದ. ವಾಪಸ್ ಬಂದು, "ಅಕ್ಕಾ, ಲೆನ್ಸು ಕುಣಿಯುತ್ತೆ, ಆಗಲ್ಲ" ಅಂದ. ಅಲ್ಲಿ ಭಾರವೇ ಬೇಕು. ಈಗ ಖಾಲಿ ಚೀಲ ಬ್ಯಾಗಿನಲ್ಲಿ ಮಡಚಿ ಇಟ್ಟುಕೊಂಡು ಹೋಗಿ, ದಾರಿಯಲ್ಲಿ ಅಂಗಡಿಯಿಂದ ಮೂರು ಕೆಜಿ ದಪ್ಪ ಅಕ್ಕಿ ತುಂಬುತ್ತಾನೆ. ರಾಗಿ ತುಂಬಿದರೆ ಹೊಲಿಗೆಯಲ್ಲಿ ಸೋರಿ ಕ್ಯಾಮೆರಾಕ್ಕೆ ಧೂಳು ಕೂರುತ್ತದಂತೆ. ಅಕ್ಕಿ ನೆನೆಯದ ಹಾಗೆ ಒಳಗೊಂದು ಪ್ಲಾಸ್ಟಿಕ್ ಕವರ್ ಇರಲಿ.

ಅತ್ತೆಯ ಮಂಡಿಗೆ ಕಲ್ಲುಪ್ಪು. ಕಾಟನ್ ಚೀಲಕ್ಕೆ ಹಾಕಿ ತವೆಯ ಮೇಲೆ ಬೆಚ್ಚಗೆ ಮಾಡಿ ಶಾಖ ಕೊಡುತ್ತೇನೆ. ಥರ್ಮಾಕೋಲ್ ಕಾಳಿರುವ ಯಾವ ದಿಂಬನ್ನೂ ಹೀಗೆ ಬಿಸಿ ಮಾಡಬೇಡಿ, ಕರಗಿ ಹೋಗುತ್ತದೆ. ಓದುವ ಕೋಣೆಯ ಮಕ್ಕಳಿಗೆ ಹುರಿದ ಹುಣಸೆ ಬೀಜ ತುಂಬಿದ ಹನ್ನೆರಡು ಪುಟ್ಟ ಚೀಲ ಹೊಲಿದಿದ್ದೇನೆ. ಬಕೆಟ್‌ಗೆ ಎಸೆಯುವ ಆಟ. ಕೈಗೆ ಸಿಗುವ ಆ ಕಟಕಟ ಸದ್ದು ಮಕ್ಕಳಿಗೆ ಬಲು ಇಷ್ಟ.

ಸತ್ತ ಕಾಳನ್ನು ಏನು ಮಾಡುವುದು ಅಂತ ತುಂಬಾ ಜನ ಕೇಳುತ್ತಾರೆ. ಸುಡಬೇಡಿ, ಕಪ್ಪು ಹೊಗೆ ಬರುತ್ತದೆ. ಬೀದಿ ಕಸಕ್ಕೆ ಸುರಿಯಬೇಡಿ, ಒಂದು ಗಾಳಿಗೆ ಇಡೀ ಓಣಿಯ ಚರಂಡಿ ಸೇರುತ್ತದೆ. ಕುಂಡದ ಮಣ್ಣಿಗೆ ಬೆರೆಸುವವರೂ ಇದ್ದಾರೆ. ನನಗೆ ಅದು ಸರಿ ಅನ್ನಿಸುವುದಿಲ್ಲ, ಅದು ಎಂದಿಗೂ ಕೊಳೆಯುವುದಿಲ್ಲ. ಅಲಂಕಾರದ ಥರ್ಮಾಕೋಲನ್ನು ನಮ್ಮ ದೇಶದಲ್ಲಿ 2022ರ ಜುಲೈ 1ರಿಂದ ನಿಷೇಧಿಸಿದ್ದಾರೆ, ಕಾರಣ ಇದೇ. ಚಪ್ಪಟೆಯಾದ ಕಾಳನ್ನು ನಾನು ಉದ್ದ ಚೀಲಕ್ಕೆ ಬಿಗಿಯಾಗಿ ತುಂಬಿ ಲೋಡು ಮಾಡಿದ್ದೇನೆ. ಗೋಡೆಗೆ ಒರಗಿ ಕೂರಲು ಗಟ್ಟಿ ಮಾಲೇ ಬೇಕು, ಅದಕ್ಕೆ ಈ ಅವಲಕ್ಕಿ ಕಾಳು ಹೊಸದಕ್ಕಿಂತ ವಾಸಿ. ನೀಲಿ ಚೀಲದ ಹಳೇ ಕಾಳಿನಲ್ಲಿ ಎರಡು ಲೋಡು ಆದವು.

ಹೊಸದಾಗಿ ಕೊಳ್ಳುವವರಿಗೆ ನಾನು ಹೇಳುವುದು ಇಷ್ಟು. ತುಂಬಿದ ಬೀನ್ ಬ್ಯಾಗ್ ತರಬೇಡಿ, ಒಳಗಿನ ಮಾಲು ಕಾಣುವುದಿಲ್ಲ. ಖಾಲಿ ಕವರ್ ತನ್ನಿ, ಕಾಟನ್ ಇರಲಿ. ಒಳಚೀಲ ಹೊಲಿಸಿ. ಕಾಳು ಬೇರೆ ತರಿಸಿ, ಒತ್ತಿ ನೋಡಿ, ಬಕೆಟ್‌ನಲ್ಲಿ ತೂಗಿ. 20 ಲೀಟರ್‌ಗೆ 300 ಗ್ರಾಂ ಮೇಲೆ ಬಂದರೆ ಇಟ್ಟುಕೊಳ್ಳಿ, 200ರ ಹತ್ತಿರ ಇದ್ದರೆ ವಾಪಸ್ ಮಾಡಿ. ಒಂದು ಸಣ್ಣ ಪ್ಯಾಕೆಟ್ ಹೆಚ್ಚಿಗೆ ತರಿಸಿ ಅಟ್ಟದ ಮೇಲೆ ಇಟ್ಟಿರಿ, ವರ್ಷದ ಮೇಲೆ ಬೇಕಾಗುತ್ತದೆ.

ಅರಳೆ ತೆಗೆದ ಮೇಲೆ ಕಂದು ಚೀಲ ಖಾಲಿ ಬಿದ್ದಿದೆ. ಬೇಸಿಗೆ ರಜೆಗೆ ಮಕ್ಕಳು ದಿನವೂ ಬರುತ್ತಾರೆ, ಅಷ್ಟರಲ್ಲಿ ತುಂಬಬೇಕು. ತೂಕದ ಕಾಳು 1.5 ಕೆಜಿ ಹೇಳಿದ್ದೇನೆ, ಫೋಮ್ ಒಂದು ಬಕೆಟ್ ಮನೆಯಲ್ಲೇ ಇದೆ. ಮುಂದಿನ ಗುರುವಾರ ಪ್ಯಾಕೆಟ್ ಬರುತ್ತದಂತೆ. ಬಾಟಲಿ ಕೊಳವೆ ತೊಳೆದು ಒಣಗಿಸಿಟ್ಟಿದ್ದೇನೆ. ಪ್ಯಾಕೆಟ್ ಎತ್ತಿ ಹಿಡಿಯಲು ಮಗಳು ಒಪ್ಪಿದ್ದಾಳೆ.